ಕಾಶವ್ವಕ್ಕನ ಮರುನುಡಿ

ಕ್ರಿ.ಶ. ೨೧೮೭, ಉಳಿಕೆ ತಿಂಗಳ ಮೂರನೆಯ ದಿನ
ಕೃಷ್ಣೆಯ ಹಿನ್ನೀರು, ಬಡಗಣ ದಂಡೆ

ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ಸಾವಂತ್ರಿ ಹೂಗಾರ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಹನ್ನೆರಡೂ ತಿಂಗಳಿಗೆ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ಐದು ದಿನಗಳಿಗೆ ಉಳಿಕೆ ಎನ್ನುತ್ತೇವೆ. ಆ ಐದು ದಿನ ತುರ್ತು ಕೆಲಸದವರನ್ನು ಬಿಟ್ಟು ಬೇರೆ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಹಾಸಿಗೆ ಬಿಸಿಲಿಗೆ ಹಾಕುತ್ತಾರೆ, ಹೊಲಿಯಬೇಕಾದದ್ದನ್ನು ಹೊಲಿಯುತ್ತಾರೆ, ಮತ್ತು ಉತ್ತರ ಬರೆಯಲಾಗದ ಯಾರಿಗಾದರೂ ಒಂದು ಕಾಗದ ಬರೆಯುತ್ತಾರೆ. ಹೆಚ್ಚಿನವರು ತೀರಿಕೊಂಡ ಅಜ್ಜ ಅಜ್ಜಿಯರಿಗೆ ಬರೆಯುತ್ತಾರೆ. ನಾನು ಈ ಸಲ ನಿಮಗೆ ಬರೆಯುತ್ತಿದ್ದೇನೆ. ಇಲ್ಲಿನವರ ಎದುರಿಗೆ ಆಡಲಾಗದ ಒಂದು ಮಾತು ನನ್ನಲ್ಲಿದೆ. ನಿಮಗೆ ನನ್ನ ಮುಖ ಕಾಣುವುದಿಲ್ಲ ಎನ್ನುವುದು ನನಗೆ ಅನುಕೂಲ. ನಡುವೆ ನಿಮಗೆ ತಿಳಿಯದ ಶಬ್ದ ಬಂದರೆ ಅಲ್ಲೇ ಬಿಡಿಸಿ ಹೇಳುತ್ತೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ.

ನಮ್ಮ ದಂಡೆಯ ಶಾಲೆ ನಾಲ್ಕಕ್ಕೆ ಮುಗಿಯುತ್ತಿತ್ತು. ಮುಂದೆ ಓದುವವರು ದಿನಾ ದೋಣಿಯಲ್ಲಿ ಆಚೆ ದಡಕ್ಕೆ ಹೋಗಬೇಕಿತ್ತು. ಮೂವತ್ತು ಹೊಸ ಮುಖಗಳ ನಡುವೆ ಎದ್ದು ನಿಂತು ಹಾಜರಿ ಹೇಳುವುದನ್ನು ನೆನೆದೇ ನನಗೆ ಜ್ವರ ಬಂತು. ಅವ್ವ ಎರಡು ದಿನ ಬೈದು ಸುಮ್ಮನಾದಳು. ಹೀಗೆ ಮನೆಯಲ್ಲಿ ಉಳಿದವಳಿಗೆ, ಓದು ಕಡಿಮೆ ಎನ್ನುವ ಕಾರಣಕ್ಕೇ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು.

ಆ ಕೆಲಸಕ್ಕೆ ಮರುನುಡಿ ಎಂದು ಹೆಸರು. ದೊಡ್ಡ ಕಾಯಿಲೆ ಬಂದವರಿಗೆ ಯಾವ ಯಾವ ಚಿಕಿತ್ಸೆ ಮಾಡಬಹುದು ಎಂದು ಡಾಕ್ಟರು ಒಂದು ಹಾಳೆ ಬರೆದು ಕೊಡುತ್ತಾರೆ. ಅದನ್ನು ನಾವು ನಾಲ್ಕನೇ ಇಯತ್ತೆಯ ಮಾತಿಗೆ ಇಳಿಸಿಕೊಂಡು, ಕಾಯಿಲೆಯವರ ಮನೆಗೆ ಹೋಗಿ, ಅವರ ಪಕ್ಕದಲ್ಲಿ ಕುಳಿತು ಹೇಳಬೇಕು. ಹೇಳಿದ ಮೇಲೆ ಅವರು ಅದನ್ನೇ ತಮ್ಮ ಮಾತಿನಲ್ಲಿ ನಮಗೆ ತಿರುಗಿ ಹೇಳಬೇಕು. ಅದೇ ಮರುನುಡಿ. ಅದು ಬರುವ ತನಕ ಆಸ್ಪತ್ರೆಯವರು ಒಂದು ಸೂಜಿಯನ್ನೂ ಚುಚ್ಚುವಂತಿಲ್ಲ. ಹೆಚ್ಚು ಓದಿದವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲು ತೆಗೆದುಕೊಂಡು ನೋಡಿದ್ದರಂತೆ. ಅವರಿಗೆ ಶಬ್ದಗಳು ಬಹಳ ಗೊತ್ತಿದ್ದುದರಿಂದ ಕೇಳುವವರು ಸುಮ್ಮನೆ ತಲೆಯಾಡಿಸುತ್ತಿದ್ದರಂತೆ.

ನಮ್ಮ ಕಾಲದಲ್ಲಿ ಎಲ್ಲ ಕಾಯಿಲೆಗೂ ಗುಳಿಗೆ ಇರಬೇಕು ಎಂದು ನೀವು ಅಂದುಕೊಂಡಿರಬಹುದು. ಬಾಯಿ, ನಾಲಗೆ, ಗಂಟಲಿನ ಕ್ಯಾನ್ಸರು ಬೇಗ ಸಿಕ್ಕರೆ ನಮ್ಮವರು ಒಂದು ಮಧ್ಯಾಹ್ನದಲ್ಲಿ ತೆಗೆದು ಮನೆಗೆ ಕಳಿಸುತ್ತಾರೆ. ದವಡೆ ಹೋದರೆ ಅವರದೇ ಎಲುಬಿನಿಂದ ದವಡೆ ಬೆಳೆಸಿ ಕೂರಿಸುತ್ತಾರೆ. ಆದರೆ ತಡವಾಗಿ, ಕುತ್ತಿಗೆಯ ಗಂಟುಗಳಿಗೂ ಹಬ್ಬಿದ ಮೇಲೆ ಸಿಕ್ಕರೆ, ನಿಮ್ಮಂತೆಯೇ ನಾವೂ ಮೂರೋ ನಾಲ್ಕೋ ದಾರಿ ಮುಂದಿಟ್ಟುಕೊಂಡು ಯೋಚಿಸುತ್ತಾ ಕೂರುತ್ತೇವೆ.

ಕಾಶವ್ವಕ್ಕನಿಗೆ ಹಾಗೆ ತಡವಾಯಿತು. ಕಾಶವ್ವ ಅಂಬಿಗೇರ, ಆಗ ನಲವತ್ತಾರು ವರ್ಷ, ಮುಳುಗುವ ಕೆಲಸದವರು. ಹಿನ್ನೀರಿನಿಂದ ಏಳು ಊರಿಗೆ ಕುಡಿಯುವ ನೀರು ಹೋಗುವ ಕಡೆ, ನೀರಿನ ತಳದಲ್ಲಿ ದೊಡ್ಡ ಕಬ್ಬಿಣದ ಜಾಲರಿಗಳಿವೆ. ಅವುಗಳಿಗೆ ಬಸವನಹುಳು ಅಂಟುತ್ತವೆ, ಪಾಚಿ ಕಟ್ಟುತ್ತದೆ. ನಿಮ್ಮ ಕಾಲದ ಗುಟ್ಕಾ ಚೀಟುಗಳೂ ಬಂದು ಸಿಕ್ಕಿಕೊಳ್ಳುತ್ತವೆ. ಅವು ಇನ್ನೂ ಕರಗಿಲ್ಲ, ಮೇಲಿನ ಬಣ್ಣವೂ ಪೂರ್ತಿ ಹೋಗಿಲ್ಲ. ಮುಳುಗುವವರು ಬುಟ್ಟಿಗಟ್ಟಲೆ ತೆಗೆದು ದಂಡೆಗೆ ಸುರಿಯುತ್ತಾರೆ. ಜಾಲರಿಗಳ ಸಂದಿ ಇಕ್ಕಟ್ಟು. ಬೆನ್ನಿಗೆ ಗಾಳಿಯ ಡಬ್ಬಿ ಕಟ್ಟಿಕೊಂಡರೆ ಒಳಗೆ ಹೋಗಲಾಗುವುದಿಲ್ಲ, ಯಂತ್ರ ಬಿಟ್ಟರೆ ಹುಳುವಿನ ಜೊತೆ ಜಾಲರಿಯೂ ಕಿತ್ತು ಬರುತ್ತದೆ. ಆದ್ದರಿಂದ ಹೆಂಗಸರೇ ಉಸಿರು ಕಟ್ಟಿ ಮುಳುಗಿ, ಕೈಯಲ್ಲಿ ಕೆರೆದು, ಮೇಲೆ ಬಂದು ಉಸಿರು ಬಿಟ್ಟು ಮತ್ತೆ ಮುಳುಗುತ್ತಾರೆ. ಕಾಶವ್ವಕ್ಕ ಒಂದು ಉಸಿರಿಗೆ ಇನ್ನೂರು ಎಣಿಸುವಷ್ಟು ಹೊತ್ತು ಕೆಳಗಿರುತ್ತಿದ್ದರು. ಈ ದಂಡೆಯಲ್ಲಿ ಅಷ್ಟು ಹೊತ್ತು ಇರುವವರು ಬೇರೆ ಯಾರೂ ಇರಲಿಲ್ಲ.

ನೀರಿನೊಳಗೆ ಮಾತಿಲ್ಲವಾದ್ದರಿಂದ ಈ ಹೆಂಗಸರದು ಕೈಮಾತು. ಬರುಬರುತ್ತಾ ಅವರು ದಂಡೆಯಲ್ಲೂ ಮನೆಯಲ್ಲೂ ಕೈಯಿಂದಲೇ ಮಾತಾಡುತ್ತಾರೆ. ಕೈ ತುಂಬಾ ಹಿಟ್ಟಿದ್ದಾಗ ಮಾತ್ರ ಬಾಯಿ ತೆರೆಯುತ್ತಾರೆ ಎಂದು ಊರವರು ನಗುತ್ತಾರೆ. ಇದರಿಂದ ಒಂದು ಕೆಡುಕಾಯಿತು. ಕಾಶವ್ವಕ್ಕನ ದನಿ ಒಡೆದು ಎಂಟು ತಿಂಗಳಾಗಿದ್ದರೂ ಯಾರಿಗೂ ಗೊತ್ತಾಗಲಿಲ್ಲ. ತಣ್ಣೀರಿನಿಂದ ಗಂಟಲು ಕಟ್ಟಿದೆ ಎಂದು ಅವರೂ ಮೆಣಸಿನ ಕಷಾಯ ಕುಡಿದುಕೊಂಡಿದ್ದರು. ಒಂದು ದಿನ ರೊಟ್ಟಿಯ ತುತ್ತು ಇಳಿಯಲಿಲ್ಲ. ಆಮೇಲೆ ಇನ್ನೂರು ಎಣಿಸುತ್ತಿದ್ದವರು ಎಪ್ಪತ್ತಕ್ಕೇ ಮೇಲೆ ಬಂದರು. ಆಗ ಜೊತೆಯವರು ಹಿಡಿದುಕೊಂಡು ಬಂದು ಆಸ್ಪತ್ರೆಗೆ ಸೇರಿಸಿದರು.

ಗಡ್ಡೆ ದನಿಪೆಟ್ಟಿಗೆಯಲ್ಲಿತ್ತು, ಪಕ್ಕದ ಎಲುಬನ್ನು ತಿಂದಿತ್ತು, ಕುತ್ತಿಗೆಯ ಎಡಗಡೆ ಎರಡು ಗಂಟುಗಳಿಗೂ ಹೋಗಿತ್ತು. ಡಾಕ್ಟರ್ ಮುಬೀನಾ ಬಾಗವಾನ ಅವರು ಹಾಳೆ ಬರೆದು ನನಗೆ ಕೊಟ್ಟರು. ಅದರಲ್ಲಿ ನಾಲ್ಕು ದಾರಿ ಇದ್ದವು.

ಮೊದಲನೆಯದು, ದನಿಪೆಟ್ಟಿಗೆಯನ್ನೂ ಕುತ್ತಿಗೆಯ ಗಂಟುಗಳನ್ನೂ ಪೂರ್ತಿ ತೆಗೆದು, ಮೇಲೆ ಆರು ವಾರ ಕಿರಣ ಕೊಡುವುದು. ಹತ್ತು ಜನರಲ್ಲಿ ಆರು ಮಂದಿ ಐದು ವರ್ಷ ದಾಟುತ್ತಾರೆ. ಆಮೇಲೆ ಉಸಿರಾಟ ಮೂಗಿನಿಂದಲ್ಲ, ಕುತ್ತಿಗೆಯ ಮುಂಭಾಗದ ತೂತಿನಿಂದ. ದನಿಗೆ ನಮ್ಮಲ್ಲಿ ಕಟ್ಟುದನಿ ಎನ್ನುವುದಿದೆ. ಮೊದಲೇ ಅವರ ಮಾತನ್ನು ತೆಗೆದಿಟ್ಟುಕೊಂಡು, ಅಂಗುಳಿಗೆ ಒಂದು ತೆಳುವಾದ ಬಿಲ್ಲೆ ಅಂಟಿಸಿದರೆ, ನಾಲಗೆ ಆಡಿದಂತೆ ಅವರದೇ ದನಿ ಬರುತ್ತದೆ. ಎರಡನೆಯದು, ಏನನ್ನೂ ತೆಗೆಯದೆ ಏಳು ವಾರ ಕಿರಣ ಮತ್ತು ಔಷಧಿ. ಪೆಟ್ಟಿಗೆ ಉಳಿಯಬಹುದು, ಆದರೆ ಬಾಯಿ ಒಣಗುತ್ತದೆ, ನುಂಗುವುದು ಕಷ್ಟವಾಗುತ್ತದೆ. ಎಲುಬು ತಿಂದ ಗಡ್ಡೆಗೆ ಇದು ಅಷ್ಟು ಒಳ್ಳೆಯ ದಾರಿಯಲ್ಲ, ಹತ್ತರಲ್ಲಿ ನಾಲ್ಕು. ತಿರುಗಿ ಬಂದರೆ ಆಗ ತೆಗೆಯಲೇಬೇಕು, ಕಿರಣ ತಿಂದ ಚರ್ಮದ ಗಾಯ ಬೇಗ ಮಾಯುವುದೂ ಇಲ್ಲ. ಮೂರನೆಯದು ಕಾವಲು ಔಷಧಿ. ಮೈಯೊಳಗಿನ ಕಾವಲುಗಾರರಿಗೆ ಗಡ್ಡೆಯ ಗುರುತು ಹಿಡಿಸುವುದು. ಅದು ಗಡ್ಡೆಯನ್ನು ತಡೆದು ನಿಲ್ಲಿಸಬಹುದು, ಬೇರು ಕೀಳುವುದು ಅಪರೂಪ. ನಾಲ್ಕನೆಯದು, ನೋವು ಮತ್ತು ಉಸಿರಿನ ಕಷ್ಟವನ್ನು ಕಡಿಮೆ ಮಾಡುತ್ತಾ ಮನೆಯಲ್ಲಿರುವುದು. ಇದನ್ನೂ ಒಂದು ಚಿಕಿತ್ಸೆ ಎಂದೇ ಹೇಳಬೇಕೆಂದು ನಮಗೆ ಕಲಿಸಿದ್ದಾರೆ. ಈ ಲೆಕ್ಕವೆಲ್ಲ ನಮ್ಮ ಕಾಲದ್ದು, ಕಾಶವ್ವಕ್ಕನ ಗಡ್ಡೆಗೆ ಹೇಳಿದ್ದು. ನಿಮ್ಮದನ್ನು ನಿಮ್ಮ ಡಾಕ್ಟರಿಂದಲೇ ಕೇಳಿಕೊಳ್ಳಬೇಕು.

ಅವರ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ನಾನು ಎಲ್ಲ ಹೇಳಿದೆ. ಗಂಡ ಪಡಿಯಪ್ಪಣ್ಣ ಪಕ್ಕದಲ್ಲಿದ್ದರು. ದನಿ ಹೋಗುತ್ತದೆ ಎಂದಾಗ ಕಾಶವ್ವಕ್ಕ ಪಿಸುಗುಟ್ಟಿದಂತೆ ಅಂದರು:

“ಇಪ್ಪತ್ತೆಂಟ ವರ್ಷ ಈತನ ಕೂಡ ಮಾತಾಡಿ ಏನ ಗಳಿಸೀನಿ? ಹೋದ್ರ ಹೋಗ್ಲಿ ಬಿಡ ತಂಗಿ.”

ಪಡಿಯಪ್ಪಣ್ಣನೂ ನಕ್ಕರು. ನನ್ನ ಹಾಳೆಯಲ್ಲಿ ಇನ್ನೊಂದು ಸಾಲಿತ್ತು, ಕುತ್ತಿಗೆಯ ತೂತಿಗೆ ನೀರು ಹೋಗಬಾರದು ಎಂದು. ಅದನ್ನೂ ಇದ್ದ ಹಾಗೆ ಓದಿದೆ. ಮರುನುಡಿ ಕೇಳುವಾಗ ಕಾಶವ್ವಕ್ಕನಿಗೆ ಕೆಮ್ಮು ಹತ್ತಿತು. ಆಕೆಗೆ ಯಾಕೆ ತ್ರಾಸು, ನಾನೇ ಹೇಳುತ್ತೇನೆ ಎಂದು ಪಡಿಯಪ್ಪಣ್ಣ ಎಲ್ಲವನ್ನೂ ಒಪ್ಪಿಸಿದರು, ನೀರಿನ ಸಾಲನ್ನೂ ಒಂದು ಅಕ್ಷರ ತಪ್ಪದೆ. ಕಾಶವ್ವಕ್ಕ ತಲೆಯಾಡಿಸಿ ಮೊದಲನೆಯ ದಾರಿಗೆ ಒಪ್ಪಿದರು.

ಇಲ್ಲಿ ನಾನು ಎರಡು ತಪ್ಪು ಮಾಡಿದೆ. ಕಾಯಿಲೆಯವರ ಬದಲು ಬೇರೆಯವರ ಬಾಯಿಂದ ಮರುನುಡಿ ಕೇಳಬಾರದು. ಮತ್ತು ನಾನು ಹೇಳಿದ ಮಾತೇ ಅಕ್ಷರ ತಪ್ಪದೆ ತಿರುಗಿ ಬಂದರೆ ಅದು ಮರುನುಡಿಯಲ್ಲ, ಬಾಯಿಪಾಠ. ಎರಡೂ ನನಗೆ ಗೊತ್ತಿತ್ತು. ಆದರೆ ನನಗಿಂತ ಮೂವತ್ತು ವರ್ಷ ದೊಡ್ಡವರನ್ನು ತಡೆದು ನೀವು ಸುಮ್ಮನಿರಿ ಎನ್ನಲು ನಾಲಗೆ ಏಳಲಿಲ್ಲ. ಬಾಗಿಲವರೆಗೆ ಕಳಿಸಲು ಬಂದ ಪಡಿಯಪ್ಪಣ್ಣ, ಅಂದರೆ ಇನ್ನು ಮುಳುಗುವುದು ಕಾಯಂ ಬಂದ್ ಅಲ್ಲವೇ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಅವರು ಹೆಂಡತಿಗೆ ಹೇಳುತ್ತಾರೆ ಎಂದುಕೊಂಡು ಬಂದುಬಿಟ್ಟೆ.

ಆಪರೇಶನ್ನಿಗೆ ಎರಡು ದಿನ ಮೊದಲು ಆಸ್ಪತ್ರೆಯಲ್ಲಿ ದನಿ ತೆಗೆದಿಡುವ ಕೆಲಸ. ಕಾಶವ್ವಕ್ಕನ ಹತ್ತಿರ ಉಳಿದದ್ದು ಒಡೆದ ದನಿ, ಆದರೂ ಅದನ್ನೇ ತಿದ್ದಿ ಕಟ್ಟುತ್ತಾರೆ. ನಾನು ಸಾಲು ಓದುವುದು, ಅವರು ತಿರುಗಿ ಅನ್ನುವುದು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ನೀರು ಕುಡಿಯಲು ನಿಲ್ಲಿಸಿದೆವು. ಆಗ ಅವರು ಸಹಜವಾಗಿ ಕೇಳಿದರು:

“ಗಾಯ ಮಾದು ತೂತು ಮುಚ್ಚಿಗೊಂಡ ಮ್ಯಾಲ ಎಷ್ಟ ದಿನಕ್ಕ ನೀರಿಗೆ ಇಳೀಬೋದು? ಮಳಿಗಾಲದ ಮೊದ್ಲ ಆಗತೈತಲ್ಲ?”

ತೂತನ್ನು ಅವರು ಗಾಯ ಎಂದುಕೊಂಡಿದ್ದರು. ಗಾಯವೆಂದ ಮೇಲೆ ಮಾಯಬೇಕು, ಮುಚ್ಚಬೇಕು. ನೀರು ಹೋಗಬಾರದು ಎಂದರೆ ಮಾಯುವ ತನಕ ಎಂದೇ ಯಾರಾದರೂ ತಿಳಿಯುತ್ತಾರೆ. ಅದು ಸಾಯುವ ತನಕ ತೆರೆದೇ ಇರುವ ಉಸಿರಿನ ದಾರಿ, ಅದರೊಳಗೆ ನೀರು ಹೋದರೆ ನೇರ ಪುಪ್ಪುಸಕ್ಕೆ ಹೋಗುತ್ತದೆ ಎಂದು ನಾನು ಬಿಡಿಸಿ ಹೇಳಿರಲಿಲ್ಲ. ದನಿಯನ್ನು ಕಟ್ಟಲು ನಮ್ಮವರು ಕಲಿತಿದ್ದಾರೆ. ಆ ತೂತಿಗೆ ಬಿರಡೆ ಇಟ್ಟು ಮುಳುಗುವ ಉಪಾಯ ಇನ್ನೂ ಯಾರಿಗೂ ಸಿಕ್ಕಿಲ್ಲ.

ಡಾಕ್ಟರನ್ನು ಕೇಳಿ ಬರುತ್ತೇನೆ ಎಂದು ಸುಳ್ಳು ಹೇಳಿ ಹೊರಗೆ ಬಂದೆ. ಬೇವಿನ ಗಿಡದ ಕೆಳಗೆ ಪಡಿಯಪ್ಪಣ್ಣ ಕುಳಿತಿದ್ದರು. ಅಕ್ಕನಿಗೆ ನೀವು ಹೇಳಲಿಲ್ಲವೇ ಎಂದು ಕೇಳಿದೆ. ಹದಿನಾರನೆಯ ವಯಸ್ಸಿನಿಂದ ಅವಳು ನೀರಿಗಿಳಿಯದ ದಿನವಿಲ್ಲ, ಬಾಣಂತನದಲ್ಲೂ ಎರಡೂವರೆ ತಿಂಗಳಿಗೇ ಇಳಿದವಳು ಎಂದರು. ಆಮೇಲೆ ನನ್ನ ಮುಖ ನೋಡಿದರು.

“ನೀ ಈಗ ನೀರಿನ ಮಾತ ತಗದಿ ಅಂದ್ರ ಆಕಿ ಆಪರೇಶನ್ ಒಲ್ಲೆ ಅಂತಾಳ. ಹತ್ತರಾಗ ಆರು ಬಿಟ್ಟು ನಾಕು ಹಿಡೀತಾಳ. ನನಗ ಆಕಿ ಬೇಕವ್ವ. ಮುಳುಗಾಕಿ ಇಲ್ಲದಿದ್ರೂ ನಡೀತೈತಿ.”

ನಾನು ಇನ್ನೆರಡು ದಿನ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದ ಗುಣ, ಅದಕ್ಕೆ ಕಷ್ಟವೇನೂ ಪಡಬೇಕಿರಲಿಲ್ಲ. ಪಡಿಯಪ್ಪಣ್ಣನ ಮಾತಿನಲ್ಲಿ ಕೆಟ್ಟದ್ದೂ ಇರಲಿಲ್ಲ. ಆದರೆ ಒಳಗೆ ಅಕ್ಕ ಮಳೆಗಾಲದ ಮೊದಲು ನೀರಿಗಿಳಿಯುವ ಎಣಿಕೆಯಲ್ಲಿ ಕುಳಿತಿದ್ದರು. ಆಪರೇಶನ್ ಆದ ಮೇಲೆ ಒಂದು ದಿನ ಅವರಿಗೆ ತಿಳಿಯಲೇಬೇಕು. ಆ ದಿನ ಅವರು ನನ್ನನ್ನು ನೋಡುವುದನ್ನು ಕಲ್ಪಿಸಿಕೊಂಡೆ. ಮುಬೀನಾ ಡಾಕ್ಟರ ಹತ್ತಿರ ಹೋಗಿ ಮರುನುಡಿ ತಪ್ಪಾಗಿದೆ, ತಪ್ಪು ನನ್ನದು ಎಂದೆ. ಅವರು ಬೈಯಲಿಲ್ಲ. ಇಂಥ ಗಡ್ಡೆಗೆ ತಡ ಮಾಡುವುದು ಒಳ್ಳೆಯದಲ್ಲ ಎಂದರು, ಕನ್ನಡಕ ಒರೆಸಿಕೊಂಡರು, ಹೋಗಿ ಸರಿಯಾಗಿ ಹೇಳಿ ಬಾ ಎಂದರು.

ಹೇಳಿದೆ. ಈ ಸಲ ಹಾಳೆ ಹಿಡಿಯಲಿಲ್ಲ. ಅಕ್ಕ ಕೇಳಿಸಿಕೊಂಡು, ಈತನಿಗೆ ಗೊತ್ತಿತ್ತೇ ಎಂದು ಕೈಸನ್ನೆಯಲ್ಲಿ ಕೇಳಿದರು. ಗೊತ್ತಿತ್ತು ಎಂದೆ. ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿ, ಇದ್ದ ದನಿಯನ್ನೆಲ್ಲ ಕೂಡಿಸಿ ಒಂದೇ ಮಾತು ಕೇಳಿದರು:

“ಗಂಟಲ ನಂದು. ಮಾತ ನೀ ಯಾಕ ನುಂಗಿದಿ?”

ಪಡಿಯಪ್ಪಣ್ಣ ಹೆದರಿದಂತೆಯೇ ಆಯಿತು. ಅಕ್ಕ ಎರಡನೆಯ ದಾರಿ ಹಿಡಿದರು. ಅದರಲ್ಲಿ ನಾಲ್ಕೇ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದರು. ಗೊತ್ತು, ಆ ನಾಲ್ವರಲ್ಲಿ ನಾನಿಲ್ಲದಿದ್ದರೂ ಇರುವಷ್ಟು ದಿನ ನೀರು ಸಿಗುತ್ತದೆ ಎಂದು ಅಕ್ಕ ಬರೆದು ತೋರಿಸಿದರು. ಏಳು ವಾರ ಕಿರಣ ತೆಗೆದುಕೊಂಡರು. ಬಾಯಲ್ಲಿ ಹುಣ್ಣಾಗಿ ಒಂದೂವರೆ ತಿಂಗಳು ಹೊಟ್ಟೆಗೆ ಹಾಕಿದ ನಳಿಗೆಯಿಂದಲೇ ಗಂಜಿ ಕುಡಿದರು. ಕುತ್ತಿಗೆಯ ಚರ್ಮ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತು. ಮೂರು ತಿಂಗಳಿಗೆ ಗಡ್ಡೆ ಕಾಣದಾಯಿತು. ನಾಲ್ಕನೆಯ ತಿಂಗಳು ಅಕ್ಕ ನೀರಿಗಿಳಿದರು. ಮೊದಲ ದಿನ ಮೂವತ್ತು ಎಣಿಕೆ, ಆಮೇಲೆ ತೊಂಬತ್ತು, ಮುಂದಿನ ಬೇಸಿಗೆಗೆ ನೂರ ಅರವತ್ತು. ಪಡಿಯಪ್ಪಣ್ಣ ದಂಡೆಯ ಮೇಲೆ ನಿಂತು ಎಣಿಸುತ್ತಿದ್ದರಂತೆ. ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು.

ಹೀಗೆ ಹದಿನಾರು ತಿಂಗಳು. ಹೋದ ತಿಂಗಳ ಮೊದಲ ವಾರದ ತಪಾಸಣೆಯಲ್ಲಿ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಕಂಡಿತು. ಈಗ ಉಳಿದದ್ದು ತೆಗೆಯುವುದು, ಇಲ್ಲವೇ ಕಾವಲು ಔಷಧಿ, ಇಲ್ಲವೇ ಮನೆ. ನಾನು ಅದೇ ಪಡಸಾಲೆಯಲ್ಲಿ ಕುಳಿತು ಹೇಳಿದೆ. ಕಾಶವ್ವಕ್ಕನಿಗೆ ಬಹಳ ಹೊತ್ತು ಕೆಮ್ಮು ಬಂತು. ಪಡಿಯಪ್ಪಣ್ಣ ನೀರು ಕೊಟ್ಟು ಕಾಯುತ್ತಾ ಕುಳಿತರು, ಬಾಯಿ ತೆರೆಯಲಿಲ್ಲ. ಆಮೇಲೆ ಅಕ್ಕ ತೆಗೆಸುವುದನ್ನೇ ಆರಿಸಿ, ಒಂದೊಂದೇ ಮಾತಾಗಿ ಮರುನುಡಿ ಹೇಳಿದರು:

“ಪೆಟಗಿ ಹೋಗತೈತಿ. ಉಸರು ಕುತಗ್ಯಾಗಿಂದ ಆಡತೈತಿ, ಸಾಯೂ ತನಕ. ಇನ್ನ ಮ್ಯಾಲ ನೀರು ನನಗ ಮೊಣಕಾಲ ಮಟ.”

ಹಾಳೆಯಲ್ಲಿ ಡಾಕ್ಟರು ನಾಲ್ಕು ಸಾಲಿನಲ್ಲಿ ಬರೆದದ್ದು ಇದೇ. ನಾನು ಅವರ ಮಾತನ್ನು ಇದ್ದ ಹಾಗೆ ಬರೆದುಕೊಂಡು ಕೊಟ್ಟೆ.

ಆಪರೇಶನ್ ಆಗಿ ಇವತ್ತಿಗೆ ಇಪ್ಪತ್ತೊಂದು ದಿನ. ಡಾಕ್ಟರು ಹೇಳಿದ್ದಂತೆ ಗಾಯ ತಡವಾಗಿ ಮಾಯುತ್ತಿದೆ. ಎಡಗಡೆ ಒಂದು ಕಡೆ ಹೊಲಿಗೆ ಬಿಟ್ಟುಕೊಂಡು ನುಂಗಿದ್ದು ಸೋರಿತು, ತೊಡೆಯ ಮಾಂಸ ತಂದು ಮುಚ್ಚಿದ್ದಾರೆ. ಅದು ಹಿಡಿದರೆ ಬದುಕುತ್ತಾರೆ ಎನ್ನುತ್ತಾರೆ, ಹಿಡಿಯುವ ಲಕ್ಷಣವಿದೆ ಎಂದೂ ಎನ್ನುತ್ತಾರೆ. ಮೊನ್ನೆ ವಾರ್ಡಿನ ಹೊರಗೆ ಪಡಿಯಪ್ಪಣ್ಣ ಸಿಕ್ಕರು. ಎರಡು ವರ್ಷದ ಹತ್ತಿರ ಹತ್ತಿರ ನನ್ನ ಕೂಡ ಮಾತಾಡದವರು ತಾವಾಗಿ ನಿಂತರು. ಅವತ್ತು ನೀನು ಸುಮ್ಮನಿದ್ದಿದ್ದರೆ ಇಷ್ಟೊತ್ತಿಗೆ ಆಕೆಯ ಗಾಯ ಮಾಯ್ದು ವರ್ಷವಾಗುತ್ತಿತ್ತು ಎಂದರು. ಸಿಟ್ಟಿನಿಂದ ಅನ್ನಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಅಂದರು. ಇರಬಹುದು ಎಂದೆ. ಒಳಗೆ ಹೋದಾಗ ಅಕ್ಕ ಪಾಟಿಯ ಮೇಲೆ ಬರೆದು ನನಗೆ ತೋರಿಸಿದರು, ಹದಿನಾರು ತಿಂಗಳು ನಂದು ಎಂದು. ಇಬ್ಬರ ಮಾತೂ ನಿಜ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾವುದು ಹೆಚ್ಚು ತೂಗುತ್ತದೆ ಎಂದು ಹೇಳುವಷ್ಟು ನಾನು ಓದಿಲ್ಲ. ಮುಬೀನಾ ಡಾಕ್ಟರು ತಮಗೂ ಗೊತ್ತಿಲ್ಲ ಎಂದರು, ಅವರು ಬಹಳ ಓದಿದವರು.

ನಿಮ್ಮ ಕಾಲದ ಆಸ್ಪತ್ರೆಗಳ ಹಳೆಯ ಕಾಗದಗಳನ್ನು ನಮಗೆ ಕೆಲಸ ಕಲಿಸುವಾಗ ತೋರಿಸಿದ್ದರು. ರೋಗಿಗೆ ಹೇಳಲಾಗಿದೆ ಎಂದು ಬರೆದ ಕಡೆಯೆಲ್ಲ ಮಗನ, ಅಣ್ಣನ, ಗಂಡನ ರುಜು ಇರುತ್ತಿತ್ತು. ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನಾನೂ ಅದನ್ನೇ ಮಾಡಿದವಳು.

ಒಂದು ಕೇಳಿಕೊಳ್ಳುತ್ತೇನೆ. ಮೂರು ವಾರ ದಾಟಿದ ಬಾಯಿಹುಣ್ಣು, ಒಡೆದ ದನಿ, ಕುತ್ತಿಗೆಯ ಗಂಟು ಇದ್ದರೆ ಕಷಾಯ ಕುಡಿಯುತ್ತಾ ಕೂರದೆ ತೋರಿಸಿಕೊಳ್ಳಿ. ತಡವಾಗಿಯೇ ಗೊತ್ತಾಗಿದ್ದರೆ, ಡಾಕ್ಟರು ಹೇಳಿದ್ದನ್ನು ಕಾಯಿಲೆಯವರ ಬಾಯಿಂದಲೇ ಒಂದು ಸಲ ಹೇಳಿಸಿ ಕೇಳಿ. ದನಿ ಬಾರದಿದ್ದರೆ ಬರೆಯಲಿ, ಬರೆಯಲು ಬಾರದಿದ್ದರೆ ಕೈಯಲ್ಲಿ ತೋರಿಸಲಿ. ಅದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತವರಿಗೆ ಮಾತು ಬಂದುಬಿಡುತ್ತದೆ, ಪ್ರೀತಿಯಿಂದಲೇ ಬರುತ್ತದೆ. ಅವರನ್ನು ಸ್ವಲ್ಪ ಸುಮ್ಮನಿರಿ ಎಂದು ಕೇಳಿಕೊಳ್ಳಿ. ಹಾಗೆ ಕೇಳಲು ನನಗೆ ಅಂದು ನಾಚಿಕೆಯಾಯಿತು.

ಇಂತಿ,
ಸಾವಂತ್ರಿ